ಬೆಂಗಳೂರಲ್ಲಿ ಫ್ಲ್ಯಾಟೋ, ಶಿರಸಿಯಲ್ಲಿ ಮನೆಯೋ: ಅಡ್ವಾನ್ಸ್ ಕೊಡುವ ಮೊದಲು

ದೀಪಾವಳಿಗೆ ಊರಿಗೆ ಬಂದವರಲ್ಲಿ ಪ್ರತಿ ವರ್ಷ ಇಬ್ಬರಾದರೂ ನನ್ನನ್ನು ಇದೇ ಕೇಳುತ್ತಾರೆ. ಬೆಂಗಳೂರಲ್ಲಿ ಒಂದು ಟೂ ಬಿಎಚ್‌ಕೆ ಬರುವ ದುಡ್ಡಿಗೆ ಇಲ್ಲಿ ಮನೆ, ಅಂಗಳ, ಬಾವಿ, ನಾಲ್ಕು ತೆಂಗಿನಮರ ಎಲ್ಲ ಬರುತ್ತದಲ್ಲ, ಸುಮ್ನೆ ಅಲ್ಲಿ ಯಾಕೆ ಸಾಲ ಮಾಡೋದು ಅಂತ. ನಾನು ಹದಿನಾಲ್ಕು ವರ್ಷ ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿದ್ದು, ಒಂದು ಸಲ ಅಲ್ಲೇ ಫ್ಲ್ಯಾಟಿಗೆ ಚೆಕ್ ಬರೆಯುವ ತನಕ ಹೋಗಿ ವಾಪಸ್ ಬಂದು, ಇನ್ನೊಂದು ಸಲ ಅಂಕೋಲೆ ಕಡೆ ಜಾಗಕ್ಕೆ ಅಡ್ವಾನ್ಸ್ ಕೊಟ್ಟು ಕೈ ಸುಟ್ಟುಕೊಂಡು, ಕೊನೆಗೆ ಶಿರಸಿಯಲ್ಲಿ ಮನೆ ತೆಗೆದುಕೊಂಡವನು. ಹಾಗಾಗಿ ಇಲ್ಲಿ ಬರೆದಿದ್ದರಲ್ಲಿ ಅರ್ಧ ಲೆಕ್ಕ, ಅರ್ಧ ನನ್ನ ಪೆಟ್ಟು.

ಮೊದಲು ರೇಟು ನೋಡಬೇಡಿ. ಒಂದು ಹಾಳೆ ತೆಗೆದುಕೊಂಡು, ಮುಂದಿನ ಏಳೆಂಟು ವರ್ಷದಲ್ಲಿ ವರ್ಷಕ್ಕೆ ಎಷ್ಟು ರಾತ್ರಿ ಈ ಮನೆಯಲ್ಲಿ ಮಲಗುತ್ತೀರಿ ಅಂತ ಬರೆಯಿರಿ. ಸುಳ್ಳು ಬರೆಯಬೇಡಿ. ದೀಪಾವಳಿ ನಾಲ್ಕು ದಿನ, ಬೇಸಿಗೆ ರಜೆ ಹತ್ತು ದಿನ, ಒಂದೆರಡು ಮದುವೆ, ಒಂದು ಶ್ರಾದ್ಧ. ಇಷ್ಟೇ ಆದರೆ ಇಪ್ಪತ್ತೈದು ರಾತ್ರಿ. ಇಪ್ಪತ್ತೈದು ರಾತ್ರಿಗೆ ಐವತ್ತು ಲಕ್ಷದ ಮನೆ ಬೇಕಾ? ಉಳಿದ 340 ದಿನ ಆ ಮನೆ ಬಾಗಿಲು ಹಾಕಿಕೊಂಡು ಬೂಷ್ಟು ಹಿಡಿಯುತ್ತದೆ. ನಮ್ಮ ಕಡೆ ಬಾಗಿಲು ಹಾಕಿಟ್ಟ ಮನೆ ಮೂರು ಮಳೆಗಾಲಕ್ಕೆ ಹತ್ತು ವರ್ಷ ಹಳೆಯದಾಗುತ್ತದೆ. ನಿಮ್ಮ ಕೆಲಸ ಪಕ್ಕಾ ವರ್ಕ್ ಫ್ರಮ್ ಹೋಮ್ ಇದ್ದರೆ, ಅಥವಾ ಅಪ್ಪ ಅಮ್ಮನ ಜೊತೆ ಇರಲೇಬೇಕು ಅಂತ ತೀರ್ಮಾನ ಆಗಿದ್ದರೆ ಮಾತು ಬೇರೆ. "ರಿಟೈರ್ ಆದಮೇಲೆ ಬರ್ತೇನೆ" ಅನ್ನುವವರಿಗೆ ನಾನು ಹೇಳುವುದು ಒಂದೇ: ರಿಟೈರ್ ಆಗುವಾಗ ತಗೊಳ್ಳಿ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ಹಾಕಿಕೊಳ್ಳಿ. ಬೆಂಗಳೂರಿನ ಹೊರವಲಯದಲ್ಲಿ 85 ಲಕ್ಷದ ಫ್ಲ್ಯಾಟು ಅಂತ ಇಟ್ಟುಕೊಳ್ಳಿ. ಅಂಥದ್ದೇ ಫ್ಲ್ಯಾಟು ಪಕ್ಕದಲ್ಲಿ ತಿಂಗಳಿಗೆ 28 ಸಾವಿರಕ್ಕೆ ಬಾಡಿಗೆಗೆ ಸಿಗುತ್ತದೆ. 85 ಲಕ್ಷವನ್ನು ವರ್ಷದ ಬಾಡಿಗೆಯಿಂದ ಭಾಗಿಸಿದರೆ ಸುಮಾರು 25. ಅಂದರೆ ಮನೆಯ ಬೆಲೆಯಲ್ಲಿ 25 ವರ್ಷ ಬಾಡಿಗೆ ಕಟ್ಟಬಹುದು. ಶಿರಸಿಯಲ್ಲಿ ಐದು ಗುಂಟೆಯಲ್ಲಿ ಇರುವ 50 ಲಕ್ಷದ ಮನೆ ತಗೊಳ್ಳಿ. ಅದರ ಬಾಡಿಗೆ 11 ಸಾವಿರ ಬಂದರೆ ದೊಡ್ಡದು. ಭಾಗಿಸಿದರೆ 38 ವರ್ಷ! ಇದನ್ನು ಯಾರೂ ಹೇಳುವುದಿಲ್ಲ. ಇಲ್ಲಿ ಮನೆ ಅಗ್ಗ, ಆದರೆ ಬಾಡಿಗೆ ಅದಕ್ಕಿಂತ ಅಗ್ಗ. ಬಾಡಿಗೆ ಬರುತ್ತದೆ ಅಂತ ಶಿರಸಿಯಲ್ಲಿ ಮನೆ ತೆಗೆದುಕೊಳ್ಳುವುದು ನನ್ನ ಪ್ರಕಾರ ಕೆಲಸಕ್ಕೆ ಬಾರದ ಯೋಚನೆ. ಕಾರವಾರದ ಕಥೆ ಸ್ವಲ್ಪ ಬೇರೆ. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ಮಧ್ಯದಲ್ಲಿ ಇರುವ ಜಾಗವೇ ಕಡಿಮೆ. ಜೊತೆಗೆ ಸೀಬರ್ಡ್ ನೌಕಾನೆಲೆ, ಕೈಗಾ, ಜಿಲ್ಲಾ ಕಚೇರಿಗಳು ಅಂತ ವರ್ಗವಾಗಿ ಬರುವ ಜನ ಇರುತ್ತಾರೆ. ಅದಕ್ಕೇ ಅಲ್ಲಿ ಫ್ಲ್ಯಾಟಿಗೆ ಬಾಡಿಗೆಯವರು ಬೇಗ ಸಿಗುತ್ತಾರೆ.

ಸಾಲದ ಲೆಕ್ಕವನ್ನೂ ಮಾಡಿ. ಶೇಕಡಾ 8.5 ಬಡ್ಡಿಗೆ ಇಪ್ಪತ್ತು ವರ್ಷಕ್ಕೆ ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಏಜೆಂಟರ ಮುಂದೆ ಬಾಯಲ್ಲೇ ಲೆಕ್ಕ ಹಾಕಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ 30 ಲಕ್ಷದ ಒಳಗಿದ್ದರೆ ಮನೆ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷಕ್ಕೆ ಶೇ. 80ರವರೆಗೆ, ಅದರ ಮೇಲೆ ಶೇ. 75ರವರೆಗೆ ಬ್ಯಾಂಕು ಕೊಡಬಹುದು. ಹಾಗಾದರೆ 85 ಲಕ್ಷದ ಫ್ಲ್ಯಾಟಿಗೆ 68 ಲಕ್ಷ ಸಾಲ, ಕಂತು 59 ಸಾವಿರ. 50 ಲಕ್ಷದ ಮನೆಗೆ 40 ಲಕ್ಷ ಸಾಲ, ಕಂತು 35 ಸಾವಿರದ ಹತ್ತಿರ. ರಿಜಿಸ್ಟ್ರೇಷನ್ ಖರ್ಚು ಈ ಸಾಲದಲ್ಲಿ ಬರುವುದಿಲ್ಲ, ಅದು ಪೂರ್ತಿ ನಿಮ್ಮ ಕೈಯಿಂದ. ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಒಂದು ಪರ್ಸೆಂಟ್ ಇದ್ದದ್ದು ಎರಡಕ್ಕೆ ಏರಿದೆ. ಎಲ್ಲ ಸೇರಿ ಏಳೂವರೆ ಪರ್ಸೆಂಟ್ ದಾಟುತ್ತದೆ. 85 ಲಕ್ಷಕ್ಕೆ ಆರೂವರೆ ಲಕ್ಷ ಹೀಗೇ ಹೋಯಿತು.

ಊರ ಕಡೆ ಇನ್ನೊಂದು ತಕರಾರು ಇದೆ. ಮಾರುವವರು "ಸರ್ಕಾರಿ ರೇಟಿಗೆ ರಿಜಿಸ್ಟರ್ ಮಾಡೋಣ, ಉಳಿದದ್ದು ಕ್ಯಾಶ್ ಕೊಡಿ" ಅನ್ನುತ್ತಾರೆ. ಒಪ್ಪಬೇಡಿ. ಬ್ಯಾಂಕು ನೋಡುವುದು ಕಾಗದದಲ್ಲಿರುವ ಬೆಲೆಯನ್ನು, ಆಗ ಸಾಲ ಕಡಿಮೆ ಸಿಗುತ್ತದೆ, ನಾಳೆ ನೀವು ಮಾರುವಾಗ ಲಾಭ ಜಾಸ್ತಿ ತೋರಿಸಿ ತೆರಿಗೆ ನಿಮ್ಮ ತಲೆಗೆ ಬರುತ್ತದೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತೆಯೂ ಇಲ್ಲ. 50 ಲಕ್ಷ ಮುಟ್ಟಿದರೆ ಒಂದು ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟುವ ಜವಾಬ್ದಾರಿ ಕೊಳ್ಳುವವರದ್ದು, ಇದನ್ನು ಮರೆತು ಆಮೇಲೆ ದಂಡ ಕಟ್ಟಿದವರನ್ನು ನೋಡಿದ್ದೇನೆ.

ಇನ್ನು ಕಾಗದಪತ್ರ. ನಿಧಾನಕ್ಕೆ ಓದಿ, ನಾನು ಪೆಟ್ಟು ತಿಂದದ್ದು ಇಲ್ಲೇ. ಅಂಕೋಲೆ ಹತ್ತಿರ ಆರು ಗುಂಟೆ, ಎದುರಿಗೆ ಗದ್ದೆ, ಹಿಂದೆ ಗುಡ್ಡ, ರೇಟು ಕೇಳಿದರೆ ನಗು ಬರುವಷ್ಟು ಕಡಿಮೆ. ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟೆ. ಆಮೇಲೆ ಪಹಣಿ ತೆಗೆಸಿ ನೋಡಿದರೆ ಮಾರುವವರ ಹೆಸರಲ್ಲಿ ಇದ್ದದ್ದು ಎರಡೂವರೆ ಗುಂಟೆ. ಉಳಿದದ್ದು? "ಅದು ಅತಿಕ್ರಮಣ, ಅಪ್ಪನ ಕಾಲದಿಂದ ನಾವೇ ಮಾಡ್ಕೊಂಡು ಬಂದದ್ದು, ಯಾರೂ ಕೇಳೂದಿಲ್ಲ ಬಿಡಿ" ಅಂದರು. ದುಡ್ಡು ವಾಪಸ್ ಬರಲಿಕ್ಕೆ ಐದು ತಿಂಗಳು, ಎಂಟು ಸಲ ಓಡಾಟ, ಕೊನೆಗೂ ಬಂದದ್ದು ನಲವತ್ತು ಸಾವಿರ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅರಣ್ಯ. ಹಾಗಾಗಿ "ಜಾಗ" ಅಂತ ಯಾರಾದರೂ ತೋರಿಸಿದರೆ ಮೊದಲ ಪ್ರಶ್ನೆ: ಇದು ಮಾಲ್ಕಿಯಾ, ಅಂದರೆ ಸ್ವಂತ ಹಕ್ಕಿನ ಜಾಗವಾ? ಅತಿಕ್ರಮಣದ ಜಾಗಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೂ ಅದು ಮಕ್ಕಳಿಗೆ ಹೋಗಬಹುದೇ ಹೊರತು ಮಾರುವಂತಿಲ್ಲ. ಸೊಪ್ಪಿನಬೆಟ್ಟವೂ ಹಾಗೇ. ಅಡಿಕೆ ತೋಟಕ್ಕೆ ಸೊಪ್ಪು ತರಲಿಕ್ಕೆ ಅಂತ ಬಿಟ್ಟ ಸರ್ಕಾರಿ ಜಾಗ ಅದು, ತೋಟದವರು ಎಷ್ಟೇ ಚಂದ ಬೇಲಿ ಹಾಕಿಕೊಂಡಿದ್ದರೂ ಅಲ್ಲಿ ಮನೆ ಕಟ್ಟುವ ಸೈಟು ಆಗುವುದಿಲ್ಲ. "ತೋಟದ ಜೊತೆ ಎರಡೆಕರೆ ಬೆಟ್ಟ ಫ್ರೀ" ಅಂತ ಹೇಳಿದರೆ ಆ ಎರಡೆಕರೆಯನ್ನು ಲೆಕ್ಕದಿಂದ ತೆಗೆದು ರೇಟು ಮಾತಾಡಿ.

ಪಹಣಿಯಲ್ಲಿ ಒಂಬತ್ತನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ. ಹನ್ನೊಂದನ್ನು ಎರಡು ಸಲ ಓದಿ. ಸೊಸೈಟಿ ಸಾಲದ ಬೋಜಾ ಅಲ್ಲೇ ಕೂತಿರುತ್ತದೆ. ಸಾಲ ತೀರಿಸಿ ಹತ್ತು ವರ್ಷ ಆದರೂ ಬೋಜಾ ತೆಗೆಸದೇ ಬಿಟ್ಟವರು ನಮ್ಮಲ್ಲಿ ಬೇಕಾದಷ್ಟು. ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಇಂತಿಷ್ಟು ವರ್ಷ ಮಾರಬಾರದು ಅನ್ನುವ ಷರತ್ತು ಇರುತ್ತದೆ, ಪರಿಶಿಷ್ಟರಿಗೆ ಮಂಜೂರಾದದ್ದಾದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ನಿಲ್ಲುವುದೇ ಇಲ್ಲ. ಒಂದು ಸರ್ವೆ ನಂಬರಿನಲ್ಲಿ ತುಂಡು ತಗೊಳ್ಳುವುದಾದರೆ ಆ ತುಂಡನ್ನು ಅಳೆದು ಗುರುತಿಸಿದ 11-ಇ ನಕ್ಷೆ ಬೇಕು. ಮನೆ ಕಟ್ಟುವ ಜಾಗ ಬಿನ್‌ಶೇತ್ಕಿ (ಕೃಷಿಯೇತರ) ಆಗಿರಬೇಕು. 2020ರಿಂದ ಕೃಷಿ ಜಮೀನನ್ನು ಯಾರು ಬೇಕಾದರೂ ಕೊಳ್ಳಬಹುದು ನಿಜ, ಆದರೆ ಕೊಂಡ ತಕ್ಷಣ ಮನೆ ಕಟ್ಟಬಹುದು ಅಂತ ಅರ್ಥ ಅಲ್ಲ. ಪಂಚಾಯ್ತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯ್ತಿಯ ಕಂಪ್ಯೂಟರ್ ಆಸ್ತಿ ದಾಖಲೆ) ಫಾರ್ಮ್ 9 ಮತ್ತು 11ಎ ಇದ್ದರೆ ಬ್ಯಾಂಕಿನವರು ಮುಖ ಕೊಟ್ಟು ಮಾತಾಡುತ್ತಾರೆ. ಸಕ್ರಮ ಆಗದ ಆಸ್ತಿಗೆ ಕೊಡುವ 11ಬಿ ಅಂದರೆ ಫೈಲು ಮೇಜಿನ ಆಚೆ ಸರಿಯುತ್ತದೆ.

ಇನ್ನೊಂದು ನಮ್ಮ ಕಡೆಯದ್ದೇ ತೊಂದರೆ, ಹಿಸೆ (ಪಾಲು) ಆಗದ ಆಸ್ತಿ. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಹಂಚಿಕೊಂಡು ಮೂವತ್ತು ವರ್ಷ ಆಗಿರುತ್ತದೆ, ಕಾಗದದಲ್ಲಿ ಏನೂ ಇಲ್ಲ. ಅಕ್ಕತಂಗಿಯರನ್ನಂತೂ ಯಾರೂ ಕೇಳಿರುವುದೇ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ, ಅದರಲ್ಲೂ 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಚಿತ ಮಾಡಿದಮೇಲೆ, ಹೆಣ್ಣುಮಕ್ಕಳಿಗೂ ಹಿರಿಯರ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು. ಮುಂಬೈಯಲ್ಲಿ ಇರುವ ಅತ್ತೆಯ ಸಹಿ ಕೂಡ ಬೇಕು. "ಅವ್ರು ಏನೂ ಹೇಳೂದಿಲ್ಲ" ಅನ್ನುವ ಮಾತಿಗೆ ಸ್ಟ್ಯಾಂಪ್ ಪೇಪರಿನ ಬೆಲೆಯೂ ಇಲ್ಲ.

ಕರಾವಳಿಯಲ್ಲಿ ಇದರ ಮೇಲೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಸಮುದ್ರದ ಭರತದ ಗೆರೆಯಿಂದ 500 ಮೀಟರ್‌ವರೆಗೆ ಈ ನಿಯಮ ಬರುತ್ತದೆ. ಸಮುದ್ರ ಮಾತ್ರ ಅಲ್ಲ, ಉಬ್ಬರದ ನೀರು ಏರುವ ಹೊಳೆ, ಕೋಡಿ ಪಕ್ಕದಲ್ಲೂ ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ ದಂಡೆಯಲ್ಲಿ ಚಂದದ ಜಾಗ ಕಂಡರೆ ಮೊದಲು ಇದನ್ನು ಕೇಳಿ. ಹಳೇ ಮನೆ ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅದನ್ನು ಕೆಡವಿ ದೊಡ್ಡದು ಕಟ್ಟಲಿಕ್ಕೆ ಹೋದಾಗ ಗೊತ್ತಾಗುತ್ತದೆ.

ಬೆಂಗಳೂರಲ್ಲಿ ತೊಂದರೆ ಇಲ್ಲ ಅಂತಲ್ಲ, ಬೇರೆ ಥರದ್ದು. ಅಲ್ಲಿ ರೇರಾ ನಂಬರು (ಕಟ್ಟಡ ಯೋಜನೆಯ ಸರ್ಕಾರಿ ನೋಂದಣಿ), ಎ ಖಾತೆಯೋ (ಸಕ್ರಮ) ಬಿ ಖಾತೆಯೋ (ಸಕ್ರಮ ಆಗದ್ದು), ಇ-ಖಾತೆ (ಕಂಪ್ಯೂಟರ್ ಖಾತೆ) ಆಗಿದೆಯೋ, ಓಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಪ್ರಮಾಣಪತ್ರ) ಇದೆಯೋ, ಜಾಗದಲ್ಲಿ ನಿಮ್ಮ ಪಾಲು ಎಷ್ಟು ಚದರಡಿ, ನೀರು ಕಾವೇರಿಯೋ ಟ್ಯಾಂಕರೋ ಅಂತ ನೋಡಬೇಕು. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು ನೀರಿನ ಕನೆಕ್ಷನ್ನೇ ಕಷ್ಟ ಆಯಿತು. ನಾನು ಬಿಟ್ಟ ಫ್ಲ್ಯಾಟಿಗೂ ಓಸಿ "ಇನ್ನೇನು ಬಂತು" ಅಂತಿದ್ದರು. ಅದೇ 2024ರ ಮಾರ್ಚಿನಲ್ಲಿ ನಾನು ಆ ಕಟ್ಟಡಕ್ಕೆ ಬೆಳಗ್ಗೆ ಆರಕ್ಕೆ ಹೋಗಿ ನಿಂತೆ. ಒಂದು ಗಂಟೆಯಲ್ಲಿ ಮೂರು ಟ್ಯಾಂಕರ್ ಬಂತು. ಚೆಕ್ ಬುಕ್ಕು ಬ್ಯಾಗಿನಲ್ಲೇ ಉಳಿಯಿತು. ನೀವೂ ಹಾಗೇ ಮಾಡಿ, ಸಂಜೆ ಸೇಲ್ಸ್‌ನವರ ಜೊತೆ ಹೋಗುವ ಬದಲು ಬೇಸಿಗೆಯ ಬೆಳಗ್ಗೆ ಒಬ್ಬರೇ ಹೋಗಿ.

ಶಿರಸಿಗಾದರೆ ಜುಲೈಯಲ್ಲಿ ಬನ್ನಿ. ನಾನು ಈಗಿರುವ ಮನೆಯನ್ನು ಮೊದಲು ನೋಡಿದ್ದು ಜನವರಿಯಲ್ಲಿ. ಬಣ್ಣ ಹೊಡೆಸಿ ಲಕಲಕ ಇಟ್ಟಿದ್ದರು. ಹೊರಡುವಾಗ ಮಾಲೀಕರ ತಾಯಿ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದವರು, "ಮಳೆಗಾಲ್ದಲ್ಲಿ ಒಂದ್ಸಲ ಬಂದು ನೋಡು ತಮಾ" ಅಂದರು. ಮಗನ ಮುಖ ಸಣ್ಣದಾಯಿತು. ಜುಲೈ ಕೊನೆಗೆ ಹೋದೆ. ದೇವರಕೋಣೆಯ ಪಶ್ಚಿಮದ ಗೋಡೆಗೆ ಹೆಬ್ಬೆರಳು ಒತ್ತಿದರೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಕಪಾಟಿನ ಹಿಂದೆ ಒರಲೆಯ ಮಣ್ಣಿನ ಗೆರೆ ಮೇಲಿನ ತನಕ ಹತ್ತಿತ್ತು. ತಾರಸಿಗೆ ಶೀಟು ಹಾಕಿರಲಿಲ್ಲ, ಮೆಟ್ಟಿಲ ಮೂಲೆಯಲ್ಲಿ ಬಕೆಟ್ ಇಟ್ಟಿದ್ದರು, ಅದರಲ್ಲಿ ಅರ್ಧ ನೀರು. ಇಷ್ಟನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು, ಶೀಟಿಗೆ ಎಷ್ಟು, ಗೋಡೆಗೆ ಎಷ್ಟು ಅಂತ ಮೇಸ್ತ್ರಿಯ ಹತ್ತಿರ ಬರೆಸಿ, ಆ ಹಾಳೆ ಇಟ್ಟುಕೊಂಡು ರೇಟು ಮಾತಾಡಿದೆ. ಮೂರೂವರೆ ಲಕ್ಷ ಇಳಿಯಿತು. ಆ ಅಜ್ಜಿಗೆ ಈಗಲೂ ಹಬ್ಬಕ್ಕೆ ಹೋಳಿಗೆ ಕಳಿಸುತ್ತೇವೆ.

ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬೀಳುವ ಊರಿದು, ಬೆಂಗಳೂರಿನ ಎರಡೂವರೆ ಪಟ್ಟು. ಮನೆ ಹಿಂದೆ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಇದ್ದರೆ ಎಷ್ಟು ಎತ್ತರ, ಗೋಡೆಯಿಂದ ಎಷ್ಟು ದೂರ, ಮೇಲಿನ ನೀರು ಯಾವ ಕಡೆ ಹರಿದು ಹೋಗುತ್ತದೆ ನೋಡಿ. ಗುಡ್ಡ ಕಡಿದು ಸಪಾಟು ಮಾಡಿದ ಹೊಸ ಲೇಔಟು ಆದರೆ ಎರಡು ಮಳೆಗಾಲ ಕಾಯಿರಿ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿ ಗಂಗಾವಳಿಗೆ ಬಿದ್ದದ್ದು ನೆನಪಿದೆಯಲ್ಲ. ಬಾವಿಯನ್ನು ಮಾತ್ರ ಮಳೆಗಾಲದಲ್ಲಿ ನೋಡಬೇಡಿ, ಆಗ ಎಲ್ಲರ ಬಾವಿಯೂ ತುಂಬಿರುತ್ತದೆ. ಏಪ್ರಿಲ್ ಕೊನೆಗೆ ಬಂದು ಹಗ್ಗ ಇಳಿಸಿ ನೋಡಿ. ಕಾರವಾರ, ಅಂಕೋಲೆ ಕಡೆಯಾದರೆ ಮೇ ತಿಂಗಳಲ್ಲಿ ಒಂದು ಲೋಟ ಕುಡಿದೇ ನೋಡಿ, ಹೊಳೆಬದಿಯ ಬಾವಿ ಆಗ ಉಪ್ಪಾಗುತ್ತದೆ. ಉಪ್ಪು ಗಾಳಿ ಬೇರೆ ಖರ್ಚು. ಕಿಟಕಿ ಸರಳು, ಗೇಟು, ಎಸಿಯ ಹೊರಗಿನ ಪೆಟ್ಟಿಗೆ ಎಲ್ಲ ಬೇಗ ತುಕ್ಕು ಹಿಡಿಯುತ್ತದೆ. ಹಳೇ ಫ್ಲ್ಯಾಟಾದರೆ ಬಾಲ್ಕನಿಯ ತಳದಲ್ಲಿ ಸಿಮೆಂಟು ಉದುರಿ ಕಬ್ಬಿಣ ಕಾಣುತ್ತದೆಯೋ ಅಂತ ಕತ್ತೆತ್ತಿ ನೋಡಿ. (ಮಂಗನ ಕಾಟ ಬರೆಯಲಿಕ್ಕೆ ಹೋದರೆ ಇನ್ನೊಂದು ಲೇಖನ ಆಗುತ್ತದೆ. ಹಂಚಿನ ಮಾಡು ಇದ್ದರೆ ನಿಮಗೇ ಗೊತ್ತಾಗುತ್ತದೆ.)

ಆಸ್ಪತ್ರೆಯ ಮಾತು ಬಿಡುವಂತಿಲ್ಲ. ಕಾರವಾರದಲ್ಲಿ ಮೆಡಿಕಲ್ ಕಾಲೇಜಿದೆ, ಶಿರಸಿಯಲ್ಲಿ ದಿನನಿತ್ಯದ ಕಾಯಿಲೆಗೆ ಒಳ್ಳೆಯ ಡಾಕ್ಟರುಗಳಿದ್ದಾರೆ. ಆದರೆ ತಲೆಗೆ ಪೆಟ್ಟು, ದೊಡ್ಡ ಹೃದಯದ ತೊಂದರೆ ಅಂದರೆ ಇವತ್ತಿಗೂ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯವರೆಲ್ಲ 2022ರಲ್ಲಿ ಜಾಲತಾಣದಲ್ಲಿ ಕೂಗಿದ್ದು ಸುಮ್ನೆ ಅಲ್ಲ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್. ಮಳೆಯ ರಾತ್ರಿಯಲ್ಲಿ ಅದು ಎಷ್ಟು ಹೊತ್ತು ಅಂತ ಒಮ್ಮೆ ಡ್ರೈವ್ ಮಾಡಿ ನೋಡಿ, ಮನೆಯಲ್ಲಿ ಹೃದಯದ ಕಾಯಿಲೆಯವರಿದ್ದರೆ ತೀರ್ಮಾನ ಅಲ್ಲೇ ಆಗಿಬಿಡಬಹುದು. ಹಾಗಿದ್ದರೆ ನಾನು ಹುಬ್ಬಳ್ಳಿಯಲ್ಲೇ ಮನೆ ನೋಡಿ ಅನ್ನುತ್ತೇನೆ. ಅದನ್ನು ಯಾಕೋ ನಮ್ಮವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಓಡಾಟವನ್ನೂ ದುಡ್ಡಿನಲ್ಲಿ ಬರೆಯಿರಿ. ಬೆಂಗಳೂರಿಗೆ ಶಿರಸಿಯಿಂದ ಸುಮಾರು 400 ಕಿಲೋಮೀಟರ್, ರಾತ್ರಿ ಬಸ್ಸೇ ಗತಿ, ರೈಲಿಲ್ಲ. ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಸಂಜೆ ಹತ್ತಿದರೆ ಬೆಳಗ್ಗೆ ಕುಮಟಾ, ಅಂಕೋಲೆ, ಕಾರವಾರ. ಮಳೆಗಾಲದಲ್ಲಿ ಸಕಲೇಶಪುರದ ಘಾಟಿಯಲ್ಲಿ ಗುಡ್ಡ ಕುಸಿದರೆ ಅದೂ ನಿಲ್ಲುತ್ತದೆ. ಆಫೀಸಿನವರು ತಿಂಗಳಿಗೆ ನಾಲ್ಕು ದಿನ ಬನ್ನಿ ಅಂದರೆ ಬಸ್ಸು, ಅಲ್ಲಿ ಉಳಿಯುವುದು, ಊಟ ಎಲ್ಲ ಸೇರಿ ವರ್ಷಕ್ಕೆ ಲಕ್ಷ ದಾಟುತ್ತದೆ. ಮನೆಯಿಂದ ಕೆಲಸ ಮಾಡುವವರು ಇಂಟರ್‌ನೆಟ್ ಇದೆಯಾ ಅಂತ ಕೇಳಿದರೆ ಸಾಲದು. ಕರೆಂಟು ಹೋಗಿ ಆರು ತಾಸಾದಮೇಲೆ ಟವರು, ಫೈಬರು ಎರಡೂ ನಡೆಯುತ್ತದಾ ಅಂತ ಪಕ್ಕದ ಮನೆಯವರನ್ನು ಕೇಳಿ. ಪೇಟೆಯ ಒಳಗೆ ಪರವಾಗಿಲ್ಲ, ನಾಲ್ಕು ಕಿಲೋಮೀಟರ್ ಹಳ್ಳಿ ಕಡೆ ಹೋದರೆ ಜೂನಿನಲ್ಲಿ ಮರ ಬಿದ್ದು ಎರಡು ದಿನ ಕತ್ತಲೆ ಆಗುವುದು ಮಾಮೂಲು.

ಒಂದು ಕಿವಿಮಾತು. "ಇಲ್ಲಿ ಏರ್‌ಪೋರ್ಟ್ ಬರ್ತದೆ, ಹುಬ್ಬಳ್ಳಿ–ಅಂಕೋಲಾ ರೈಲು ಬರ್ತದೆ, ಶಿರಸಿ ಜಿಲ್ಲೆ ಆಗ್ತದೆ, ರೇಟು ಡಬಲ್" ಅಂತ ಹೇಳಿ ಜಾಸ್ತಿ ಕೇಳುತ್ತಾರೆ. ಆ ರೈಲಿನ ಮಾತು ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಕೇಳುತ್ತಿದ್ದೇನೆ. ಬಂದಮೇಲೆ ಸಂತೋಷ, ಬರುವುದಕ್ಕೆ ಈಗಲೇ ದುಡ್ಡು ಕೊಡಬೇಡಿ. ಮಾರುವ ಕಷ್ಟವನ್ನೂ ನೆನಪಿಡಿ. ಬೆಂಗಳೂರಿನ ಫ್ಲ್ಯಾಟಿಗೆ ಕೊಳ್ಳುವವರು ಮೂರು ತಿಂಗಳಲ್ಲಿ ಸಿಕ್ಕಾರು, ಇಲ್ಲಿ ಒಂದೂವರೆ ವರ್ಷ ಬೋರ್ಡು ನೇತುಹಾಕಿ ಕೂತ ಮನೆ ನಮ್ಮ ಬೀದಿಯಲ್ಲೇ ಇದೆ. ಅದಕ್ಕೆ ಕೊಳ್ಳುವುದಾದರೆ ಪೇಟೆಗೆ ನಡೆದು ಹೋಗುವಷ್ಟು ಹತ್ತಿರ, ಚಿಕ್ಕದು, ಕಾಗದ ಶುದ್ಧ ಇರುವುದು. ಗುಂಟೆ ಲೆಕ್ಕ ನೋಡಿ ಮರುಳಾಗಬೇಡಿ. ಒಂದು ಗುಂಟೆ 1,089 ಚದರಡಿ, ಬೆಂಗಳೂರಿನ ತರ್ಟಿ ಫಾರ್ಟಿಗಿಂತ ಸ್ವಲ್ಪ ಕಡಿಮೆ. ಹತ್ತು ಗುಂಟೆ ಇದ್ದರೆ ಹತ್ತು ಗುಂಟೆಯ ಕಳೆಯನ್ನೂ ನೀವೇ ತೆಗೆಸಬೇಕು, ಆಳಿನ ಕೂಲಿ ಕೇಳಿದ್ದೀರಾ?

ನಾನು ಮಾಡಿದ್ದು, ಈಗಲೂ ಎಲ್ಲರಿಗೂ ಹೇಳುವುದು ಇಷ್ಟು: ಬೆಂಗಳೂರಿನ ಬಾಡಿಗೆ ಮನೆ ಬಿಡದೆ, ಮೇ ಕೊನೆಯಲ್ಲಿ ಶಿರಸಿಯಲ್ಲಿ ನಾಲ್ಕು ತಿಂಗಳಿಗೆ ಒಂದು ಮನೆ ಬಾಡಿಗೆಗೆ ಹಿಡಿಯಿರಿ. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬನ್ನಿ, ಒಬ್ಬರೇ ಬಂದರೆ ಪ್ರಯೋಜನ ಇಲ್ಲ. ಬಟ್ಟೆ ಒಣಗುತ್ತದಾ, ಮಕ್ಕಳಿಗೆ ಶಾಲೆ ಸರಿಹೋಗುತ್ತದಾ, ಸಂಜೆ ಏಳಕ್ಕೆ ಪೇಟೆ ಖಾಲಿಯಾದರೆ ನಿಮಗೆ ಬೇಜಾರಾಗುತ್ತದಾ, ಎಲ್ಲ ಗೊತ್ತಾಗುತ್ತದೆ. ನಲವತ್ತೈದು ಸಾವಿರ ಹೋಗಬಹುದು. ಆಗಸ್ಟಿನಲ್ಲೂ ಇದೇ ಬೇಕು ಅನಿಸಿದರೆ ವಕೀಲರನ್ನು ಹುಡುಕಿ, ಮಾರುವವರು ತೋರಿಸಿದ ವಕೀಲರಲ್ಲ, ಬೇರೆಯವರನ್ನು. ಮೂವತ್ತು ವರ್ಷದ ಇ.ಸಿ. (ಋಣಭಾರ ಪತ್ರ) ತೆಗೆಸಿ. ರಿಜಿಸ್ಟರ್ ಆದ ವಾರದಲ್ಲೇ ಖಾತೆ ಬದಲಾವಣೆಗೆ ಅರ್ಜಿ ಕೊಡಿ, ಅದೇ ದಿನ ಕರೆಂಟಿನ ಹೆಸ್ಕಾಂ ಆಫೀಸಿಗೂ ಹೋಗಿ ಬನ್ನಿ. ನಾನು ಆಮೇಲೆ ನೋಡಿದರಾಯಿತು ಅಂತ ಬಿಟ್ಟೆ, ನಮ್ಮ ಮನೆಯ ಕರೆಂಟ್ ಬಿಲ್ಲು ಇವತ್ತಿಗೂ ಆ ಅಜ್ಜಿಯ ಮಾವನ ಹೆಸರಿಗೇ ಬರುತ್ತಿದೆ.